ಮುಚ್ಚಳದ ಮೇಲೆ ಕಲ್ಲಿಟ್ಟರೆ ಹಿಟ್ಟು ನಿಲ್ಲುವುದಿಲ್ಲ

2024ರ ಏಪ್ರಿಲ್ ಕೊನೆಯ ವಾರ. ಬೆಳಿಗ್ಗೆ ಆರೂವರೆ. ಹೇರೋಹಳ್ಳಿಯಿಂದ ಸುಂಕದಕಟ್ಟೆ ಕಡೆಗೆ ಮಾಗಡಿ ರಸ್ತೆಯಲ್ಲಿ ಸ್ಕೂಟರ್ ಹತ್ತಿ ಹೊರಟಿದ್ದೆವು. ಕಾಲ ಬಳಿ ಪ್ಲಾಸ್ಟಿಕ್ ಕ್ರೇಟು. ಅದರಲ್ಲಿ 30 ಪ್ಯಾಕೆಟ್ ದೋಸೆ ಹಿಟ್ಟು. ಒಂದು ಹಂಪ್ ದಾಟಿದ್ದೇ ತಡ, ಕಾಲ ಹತ್ತಿರ ‘ಡಬ್’ ಅಂದಿತು. ಟೈರ್ ಹೋಯಿತು ಅಂದುಕೊಂಡು ಬದಿಗೆ ನಿಲ್ಲಿಸಿದೆವು. ಟೈರ್ ನೆಟ್ಟಗಿತ್ತು. ಪ್ಯಾಂಟು ಮಾತ್ರ ಮೊಣಕಾಲವರೆಗೆ ಬೆಳ್ಳಗಾಗಿತ್ತು.

ಕ್ರೇಟಿನೊಳಗೆ ಪ್ಯಾಕೆಟ್‌ಗಳೆಲ್ಲ ದಿಂಬಿನ ಹಾಗೆ ಉಬ್ಬಿದ್ದವು. ಒಂದು ಒಡೆದಿತ್ತು. ನಾವು ನೋಡುತ್ತಿರುವಾಗಲೇ ಇನ್ನೊಂದರ ಹೊಲಿಗೆ ಬಿಟ್ಟು ನೊರೆ ಹೊರಗೆ ಬಂತು. ಅಂಗಡಿ ತಲುಪುವ ಹೊತ್ತಿಗೆ ಒಡೆದದ್ದು ಏಳು. ಅಂಗಡಿಯವರು ಉಳಿದ 23ನ್ನೂ ಮುಟ್ಟಲಿಲ್ಲ.

“ನನ್ನ ಫ್ರಿಜ್ಜಲ್ಲಿ ಒಡೆದ್ರೆ ಹಾಲಿನ ಪ್ಯಾಕೆಟ್ ಎಲ್ಲಾ ಹಾಳಾಗುತ್ತೆ ಸಾರ್. ವಾಪಸ್ ತಗೊಂಡ್ ಹೋಗಿ” ಅಂದರು.

ಪಂಚಾಯ್ತಿ ಗಲಾಟೆ, ಕೆರೆ ಒತ್ತುವರಿ, ಆನೆ ದಾಳಿ ಅಂತ ಸುದ್ದಿ ಕಳಿಸುವವರು ನಾವು. ಊರಿನವರ ನಷ್ಟದ ಲೆಕ್ಕ ಎಷ್ಟೋ ಸಲ ಬರೆದಿದ್ದೇವೆ. ಅವತ್ತು ರಸ್ತೆ ಬದಿಯಲ್ಲಿ ನಿಂತು ನಮ್ಮದೇ ನಷ್ಟ ಲೆಕ್ಕ ಹಾಕಿದೆವು. ಅಕ್ಕಿ, ಉದ್ದು, ಕರೆಂಟು, ಕವರು, ಪೆಟ್ರೋಲು. ಸುಮಾರು ಒಂದು ವಾರದ ಲಾಭ ಆ ಒಂದು ಕ್ರೇಟಿನಲ್ಲಿ ಕೊಚ್ಚಿ ಹೋಗಿತ್ತು.

ಹಿಟ್ಟಿನ ಕೆಲಸಕ್ಕೆ ಇಳಿದ ಕಾರಣ ಸರಳ. ಜಿಲ್ಲೆಯಿಂದ ಸುದ್ದಿ ಕಳಿಸುವವರಿಗೆ ಸಂಬಳ ಇಲ್ಲ, ಅಚ್ಚಾದ ಸುದ್ದಿಗೆ ಇಷ್ಟು ಅಂತ ಲೆಕ್ಕ. ಮನೆ ಬಾಡಿಗೆ ಹಾಗೆ ಲೆಕ್ಕ ಕೇಳುವುದಿಲ್ಲ. ನಮ್ಮ ಮನೆಯವರು ಮಹಿಳಾ ಸಂಘದಲ್ಲಿ ಸಾಲ ತೆಗೆದು ದೊಡ್ಡ ಗ್ರೈಂಡರ್ ತಂದರು. ಸಾಲದ ಕಂತು ವಾರಕ್ಕೊಂದು. ಕಂತು ತಪ್ಪಿದರೆ ಸಂಘದ ಉಳಿದ ಹೆಂಗಸರು ಕೈಯಿಂದ ಹಾಕಬೇಕು. ಹಾಗಾಗಿ ಒಂದು ಕ್ರೇಟ್ ಹಾಳಾದರೆ ಹಾಳಾಗುವುದು ನಮ್ಮ ಮನೆಯ ಲೆಕ್ಕ ಮಾತ್ರ ಅಲ್ಲ.

ಹೇರೋಹಳ್ಳಿಯಲ್ಲಿ ಹಿಟ್ಟಿಗೆ ಗಿರಾಕಿ ಇದ್ದಾರೆ. ಹೆಸರಿನಲ್ಲಿ ಹಳ್ಳಿ ಇದೆ, ಕೆರೆಯೂ ಇದೆ, ಆದರೆ ಇದು ಈಗ ಬೆಂಗಳೂರೇ. ಕುಣಿಗಲ್, ಮಾಗಡಿ, ತುಮಕೂರು, ಹಾಸನದ ಕಡೆಯಿಂದ ಬಂದವರು ಸಣ್ಣ ಸಣ್ಣ ಮನೆಗಳಲ್ಲಿದ್ದಾರೆ. ಹೆಂಗಸರು ಗಾರ್ಮೆಂಟ್ಸ್‌ಗೆ, ಗಂಡಸರು ಪೀಣ್ಯದ ಕಡೆ ಕೆಲಸಕ್ಕೆ. ಬೆಳಿಗ್ಗೆ ಎಂಟಕ್ಕೆ ಮುಂಚೆ ತಿಂಡಿ, ಮಧ್ಯಾಹ್ನದ ಡಬ್ಬಿ ಎರಡೂ ಆಗಬೇಕು. ರಾತ್ರಿ ಬಂದು ಅಕ್ಕಿ ನೆನೆಸಿ ರುಬ್ಬುವ ಶಕ್ತಿ ಯಾರಿಗಿದೆ? ಒಂದು ಪ್ಯಾಕೆಟ್ ಹಿಟ್ಟಿದ್ದರೆ ಮನೆಯವರ ತಿಂಡಿ ಮುಗಿಯಿತು.

ಡಿಸೆಂಬರ್, ಜನವರಿಯಲ್ಲಿ ಎಲ್ಲ ಸಲೀಸಾಗಿ ನಡೆಯಿತು. ಸಂಜೆ ರುಬ್ಬಿ ಇಟ್ಟರೆ ಬೆಳಗಿನ ಜಾವಕ್ಕೆ ಹದವಾಗಿ ಹುಳಿ ಬರುತ್ತಿತ್ತು. ಐದು ಗಂಟೆಗೆ ಎದ್ದು ಪ್ಯಾಕೆಟ್ ಕಟ್ಟಿ ಕೊಟ್ಟು ಬರುತ್ತಿದ್ದೆವು. ಇಷ್ಟೇನಾ ಅಂದುಕೊಂಡೆವು.

ಮಾರ್ಚ್ ಬಂತು. ಆ ವರ್ಷದ ಬಿಸಿಲು ಬೆಂಗಳೂರಿನವರಿಗೆ ಮರೆಯುವಂಥದ್ದಲ್ಲ. ಬೋರ್‌ವೆಲ್‌ಗಳು ಬತ್ತಿದವು, ಟ್ಯಾಂಕರ್ ನೀರಿಗೆ ಜನ ಕಾದರು. ಏಪ್ರಿಲ್ 28ರಂದು ನಗರದಲ್ಲಿ 38.5 ಡಿಗ್ರಿ ದಾಖಲಾಯಿತು. ನಮ್ಮದು ಶೀಟ್ ಹೊದಿಸಿದ ಅಡುಗೆ ಕೋಣೆ. ರಾತ್ರಿ ಹತ್ತಾದರೂ ಗೋಡೆ ಬಿಸಿ. ಅಂಥ ಕೋಣೆಯಲ್ಲಿ 20 ಲೀಟರ್ ಹಿಡಿಯುವ ಸ್ಟೀಲ್ ಪಾತ್ರೆಗೆ 15 ಲೀಟರ್ ಹಿಟ್ಟು ತುಂಬಿ ಮಲಗುತ್ತಿದ್ದೆವು.

ಮೊದಲ ಸಲ ಉಕ್ಕಿದಾಗ ರಾತ್ರಿ ಒಂದೂವರೆ. ಶಬ್ದ ಏನೂ ಇಲ್ಲ, ನೀರಿಗೆ ಅಂತ ಎದ್ದವರ ಕಾಲಿಗೆ ತಣ್ಣಗೆ ತಾಗಿತು. ದೀಪ ಹಾಕಿದರೆ ಪಾತ್ರೆಯ ನಾಲ್ಕೂ ಕಡೆಯಿಂದ ನೊರೆ ಇಳಿದು, ನೆಲದ ಮೇಲೆ ಹರಿದು, ಬಾಗಿಲ ಹತ್ತಿರ ಹೋಗಿತ್ತು. ಬೆಳಿಗ್ಗೆ ಹೊತ್ತಿಗೆ ಇರುವೆ. ಕೆಳಗಿನ ಮನೆಯವರು ಬಂದು ಹುಳಿ ವಾಸನೆ ಅಂದರು.

ಮರುದಿನ ನಾವು ಮಾಡಿದ ಉಪಾಯ ಏನು ಗೊತ್ತೇ? ಮುಚ್ಚಳ ಗಟ್ಟಿಯಾಗಿ ಹಾಕಿ ಅದರ ಮೇಲೆ ಒಂದು ಚಪ್ಪಡಿ ಕಲ್ಲಿಟ್ಟೆವು. ರಾತ್ರಿ ಮೂರಕ್ಕೆ ಕಲ್ಲು ಸರಿದು ಬಿದ್ದು ನೆಲದ ಟೈಲ್ಸ್ ಒಡೆಯಿತು. ಟೈಲ್ಸ್ ದುಡ್ಡು ಮಾಲೀಕರು ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳುವುದಾಗಿ ಹೇಳಿದರು.

ಆಮೇಲೆ ಪಾತ್ರೆಯ ಬಾಯಿಗೆ ಎಣ್ಣೆ ಸವರಿದೆವು. ಹಾಲು, ಬೇಳೆ ಉಕ್ಕುವಾಗ ನಮ್ಮ ಅಜ್ಜಿ ಹಾಗೆ ಮಾಡುತ್ತಿದ್ದರು. ಹಿಟ್ಟಿಗೆ ಅದು ನಾಟಲಿಲ್ಲ. ಮಧ್ಯರಾತ್ರಿ ಅಲಾರಾಂ ಇಟ್ಟು ಎದ್ದು ಸೌಟಿನಲ್ಲಿ ತಿರುವಿದೆವು. ತಿರುವಿದರೆ ಇಳಿಯುತ್ತದೆ, ನಿಜ. ಒಂದು ಗಂಟೆ ಬಿಟ್ಟು ಮತ್ತೆ ಏರುತ್ತದೆ. ನಾಲ್ಕು ರಾತ್ರಿ ಸರದಿಯಲ್ಲಿ ಎದ್ದೆವು. ಐದನೇ ದಿನ ಒಂದು ಪತ್ರಿಕಾಗೋಷ್ಠಿಯಲ್ಲಿ ನಾವು ಕುರ್ಚಿಯಲ್ಲೇ ನಿದ್ದೆ ಹೋದೆವು.

ಪ್ಯಾಕೆಟ್ ಒಡೆಯುವುದಕ್ಕೆ ಮಾಡಿದ ಉಪಾಯವನ್ನು ಹೇಳಲು ಇವತ್ತಿಗೂ ನಾಚಿಕೆಯಾಗುತ್ತದೆ. ಆದರೂ ಹೇಳಬೇಕು, ಈ ಬರಹ ಬರೆಯುತ್ತಿರುವುದೇ ಅದಕ್ಕೆ.

ಕವರಿನಲ್ಲಿ ಜಾಗ ಇದ್ದರೆ ಒಡೆಯುವುದಿಲ್ಲ ಅನ್ನುವುದು ನಮಗೆ ಬೇಗ ತಿಳಿಯಿತು. ದೊಡ್ಡ ಕವರ್ ತರಬೇಕು. ಅದಕ್ಕೆ ಪ್ಯಾಕೆಟ್‌ಗೆ ಒಂದು ರೂಪಾಯಿ ಹೆಚ್ಚು. ಮನೆಯಲ್ಲಿ ಹಳೆಯ ಕವರ್ ಎರಡು ಬಂಡಲ್ ಇತ್ತು. ಅದು ಮುಗಿಯಲಿ ಅಂತ, ಅದೇ ಕವರಿಗೆ 1 ಕೆಜಿ ಬದಲು 850 ಗ್ರಾಂ ಹಾಕತೊಡಗಿದೆವು. ಕವರಿನ ಮೇಲೆ ಅಂಟಿಸುವ ಚೀಟಿಯಲ್ಲಿ ಮಾತ್ರ 1 ಕೆಜಿ ಅಂತಲೇ ಇತ್ತು. ಬೆಳಿಗ್ಗೆ ಹೊತ್ತಿಗೆ ಉಬ್ಬಿ ಕವರ್ ತುಂಬಿದ ಹಾಗೆ ಕಾಣುತ್ತಿತ್ತು. ಯಾರೂ ಕೇಳಲಿಲ್ಲ. ಒಡೆಯುವುದೂ ಕಡಿಮೆಯಾಯಿತು. ಎರಡು ವಾರ ಹಾಗೇ ನಡೆಯಿತು.

ಒಂದು ಭಾನುವಾರ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಗಳೊಬ್ಬಳು ಮನೆ ಬಾಗಿಲಿಗೆ ಬಂದಳು. ಕೈಯಲ್ಲಿ ನಮ್ಮದೇ ಪ್ಯಾಕೆಟ್.

“ಅಕ್ಕಾ, ಬೇಜಾರ್ ಮಾಡ್ಕೋಬೇಡಿ” ಅಂದಳು ನಮ್ಮ ಮನೆಯವರಿಗೆ. “ಮೊದ್ಲು ಒಂದ್ ಪ್ಯಾಕೆಟ್‌ಗೆ ಹದಿನಾಲ್ಕು ದೋಸೆ ಬರ್ತಿತ್ತು. ಈಗ ಹನ್ನೊಂದು, ಹನ್ನೆರಡು. ಮೂರು ಜನ ಮಕ್ಳು ನಮ್ಮನೇಲಿ. ಕೊನೇದು ನಂಗೆ ಉಳೀತಿಲ್ಲ. ಹಿಟ್ಟು ಬದಲಾಯ್ಸಿದೀರಾ ಅಂತ ಕೇಳೋಣ ಅಂತ ಬಂದೆ.”

ತೂಕ ಕಡಿಮೆ ಅಂತ ಅವಳು ಹೇಳಲೇ ಇಲ್ಲ. ಹಿಟ್ಟು ಬದಲಾಗಿದೆಯೇನೋ ಅಂದಳು. ನಮ್ಮ ಮನೆಯವರು ಒಳಗೆ ಬಂದು ನಮ್ಮ ಮುಖ ನೋಡಿದರು. ಪಡಿತರ ಅಂಗಡಿಯ ತೂಕದ ಮೋಸದ ಬಗ್ಗೆ ನಾವೇ ಎಷ್ಟು ಸುದ್ದಿ ಬರೆದಿಲ್ಲ! ಪೊಟ್ಟಣದ ಮೇಲೆ ಬರೆದ ನಿವ್ವಳ ತೂಕ ಒಳಗೆ ಇರಲೇಬೇಕು, ಕವರಿನ ತೂಕ ಅದಕ್ಕೆ ಸೇರುವುದಿಲ್ಲ ಅನ್ನುತ್ತದೆ 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ. ಅದನ್ನು ಓದಿ ಬರೆದವರೇ ಗಾಳಿ ತುಂಬಿ ಮಾರುತ್ತಿದ್ದೆವು.

ಅವಳಿಗೆ ಎರಡು ಪ್ಯಾಕೆಟ್ ಕೊಟ್ಟು ನಿಜ ಹೇಳಿದೆವು. ಅವಳು ಒಂದನ್ನು ಮಾತ್ರ ತೆಗೆದುಕೊಂಡಳು. ಏನೂ ಅನ್ನಲಿಲ್ಲ. ಅದಾದ ಮೇಲೆ ಮೂರು ವಾರ ಅವಳು ನಮ್ಮ ಹಿಟ್ಟು ಕೊಳ್ಳಲಿಲ್ಲ.

ಸ್ಕೂಟರ್ ಮೇಲೆ ಒಡೆದದ್ದು ಇದರ ಮರುವಾರ. ತೂಕ ಸರಿ ಮಾಡಿದ್ದೆವು, ಕವರ್ ಮಾತ್ರ ಹಳೆಯದೇ ಇತ್ತು.

ನಮ್ಮ ಕಟ್ಟಡದ ಮಹಡಿಯಲ್ಲಿ ಹಿರಿಯರೊಬ್ಬರಿದ್ದಾರೆ. ಬಿಯರ್ ಕಾರ್ಖಾನೆಯಲ್ಲಿ ಬಹಳ ವರ್ಷ ಕೆಲಸ ಮಾಡಿ ನಿವೃತ್ತರಾದವರು. ವಾಪಸ್ ತಂದ ಕ್ರೇಟನ್ನು ನಾವು ಮೆಟ್ಟಿಲ ಕೆಳಗೆ ಇಳಿಸುವಾಗ ಅವರು ವಾಕಿಂಗ್ ಮುಗಿಸಿ ಬಂದರು. ಉಬ್ಬಿದ ಪ್ಯಾಕೆಟ್ ಒಂದನ್ನು ಎತ್ತಿ ಬೆರಳಿನಿಂದ ತಟ್ಟಿ ನಕ್ಕರು.

“ಇದು ನಮ್ಮ ಕಾರ್ಖಾನೆ ಕಥೆನೇ ಕಣಪ್ಪಾ. ಅಲ್ಲಿ ಬಾರ್ಲಿ, ಇಲ್ಲಿ ಉದ್ದು. ಗ್ಯಾಸ್ ಎರಡೂ ಕಡೆ ಒಂದೇ.”

ಅವತ್ತು ಸಂಜೆ ಅವರ ಮನೆಯಲ್ಲಿ ಕುಳಿತು ಕೇಳಿದ್ದನ್ನು ಇಲ್ಲಿ ಬರೆಯುತ್ತೇವೆ.

ಬಿಯರ್‌ಗೆ ಮೊಳಕೆ ಬರಿಸಿದ ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಸಿ ಸಿಹಿ ರಸ ತೆಗೆಯುತ್ತಾರೆ. ಅದಕ್ಕೆ ಹಾಪ್ಸ್ ಅನ್ನುವ ಕಹಿ ಹೂವು ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬೆರೆಸುತ್ತಾರೆ. ಯೀಸ್ಟ್ ಸಕ್ಕರೆ ತಿಂದು ಒಂದು ಕಡೆ ಮದ್ಯಸಾರ, ಇನ್ನೊಂದು ಕಡೆ ಇಂಗಾಲದ ಡೈಆಕ್ಸೈಡ್ ಅನಿಲ ಬಿಡುತ್ತದೆ. ಬಾರ್ಲಿಯ ಪ್ರೋಟೀನ್ ಆ ಅನಿಲದ ಗುಳ್ಳೆಗಳನ್ನು ಹಿಡಿದುಕೊಳ್ಳುತ್ತದೆ. ಅದೇ ನೊರೆ. ಮೊದಲ ಎರಡು ಮೂರು ದಿನ ಅದರ ಆರ್ಭಟ ಜಾಸ್ತಿ, ಆಮೇಲೆ ತಾನಾಗಿ ಕುಸಿಯುತ್ತದೆ.

“ಟ್ಯಾಂಕನ್ನ ಕುತ್ತಿಗೆವರೆಗೆ ತುಂಬೋದೇ ಇಲ್ಲ” ಅಂದರು ಅವರು. “ಮೇಲೆ ಐದರಲ್ಲಿ ಒಂದು ಭಾಗ, ನಾಲ್ಕರಲ್ಲಿ ಒಂದು ಭಾಗ ಖಾಲಿ ಬಿಡ್ತೀವಿ. ಟ್ಯಾಂಕಿನ ಸುತ್ತ ತಣ್ಣನೆ ದ್ರವ ಓಡ್ತಾ ಇರುತ್ತೆ. ಬಿಸಿ ಏರಿದ್ರೆ ಯೀಸ್ಟಿಗೆ ಹುಚ್ಚು ಹಿಡಿದ ಹಾಗೆ. ಗ್ಯಾಸ್ ಹೋಗೋಕೆ ಪೈಪು. ಇಷ್ಟೇ. ಮುಚ್ಚಳ ಬಿಗಿ ಮಾಡಿ ಯಾವತ್ತೂ ನೊರೆ ನಿಲ್ಲಿಸಿಲ್ಲ ನಾವು.”

ಹೊರದೇಶಗಳಲ್ಲಿ ಜನ ಮನೆಯಲ್ಲೇ ಬಿಯರ್ ಮಾಡಿಕೊಳ್ಳುತ್ತಾರೆ. ಬ್ರಿಟನ್ನಿನಲ್ಲಿ 1963ರಿಂದ, ಅಮೆರಿಕದಲ್ಲಿ 1979ರಿಂದ ಸ್ವಂತ ಬಳಕೆಗೆ ಕಾನೂನು ಬಿಟ್ಟಿದೆ. ಅಲ್ಲಿಯವರಿಗೂ ಇದೇ ಫಜೀತಿ. ಸಣ್ಣ ಡಬ್ಬಿ ತುಂಬಾ ತುಂಬಿಸಿ ಇಟ್ಟು, ನೊರೆ ಬಂದು ಮುಚ್ಚಳದ ತೂತು ಕಟ್ಟಿಕೊಂಡು, ಮುಚ್ಚಳ ಸಿಡಿದು ಚಾವಣಿ ತುಂಬಾ ಬಿಯರ್. ಅದಕ್ಕೆ ಅವರು ಡಬ್ಬಿಯ ಬಾಯಿಗೆ ದಪ್ಪ ಟ್ಯೂಬ್ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ನೀರಿನ ಬಕೆಟ್‌ನಲ್ಲಿ ಮುಳುಗಿಸಿ ಇಡುತ್ತಾರೆ. ನೊರೆ, ಗಾಳಿ ಎರಡೂ ಟ್ಯೂಬಿನಿಂದ ಹೊರಗೆ ಹೋಗುತ್ತದೆ. ನೀರು ಅಡ್ಡ ಇರುವುದರಿಂದ ಹೊರಗಿನ ಗಾಳಿ, ಧೂಳು ಒಳಗೆ ಬರುವುದಿಲ್ಲ. ಟ್ಯೂಬ್ ಸಣ್ಣದಾದರೆ ಅದೂ ಕಟ್ಟಿಕೊಳ್ಳುತ್ತದೆ, ಹಾಗಾಗಿ ದಪ್ಪದ್ದೇ ಬೇಕು. ಕೆಲವರು ನೊರೆ ಒಡೆಯಲು ಸಿಮೆಥಿಕೋನ್ ಅನ್ನುವ ಔಷಧದ ಹನಿ ಹಾಕುತ್ತಾರೆ. ಹೊಟ್ಟೆಯ ಗ್ಯಾಸಿಗೆ ಕೊಡುವ ಮಾತ್ರೆಯಲ್ಲಿರುವುದೂ ಅದೇ.

ಇದನ್ನು ಓದಿ ಯಾರೂ ಮನೆಯಲ್ಲಿ ಬಿಯರ್ ಮಾಡಲು ಹೊರಡಬೇಡಿ. ನಮ್ಮಲ್ಲಿ 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಕುಡಿಯುವುದಕ್ಕೆ ನಾವೇ ಮಾಡಿಕೊಂಡದ್ದು ಅಂದರೂ ಕೇಸ್ ಆಗುತ್ತದೆ.

ಅವರ ಮಾತು ಕೇಳುವಾಗ ನಮಗೆ ಚಿಕ್ಕಂದಿನಲ್ಲಿ ಕಂಡ ಈಚಲ ಹೆಂಡದ ಮಡಕೆ ನೆನಪಾಯಿತು. ಮರದಿಂದ ಇಳಿಸುವಾಗಲೇ ಅದರ ಬಾಯಲ್ಲಿ ಬಿಳಿ ನೊರೆ. ಇಳಿಸುವವರು ಮಡಕೆಯನ್ನು ಯಾವತ್ತೂ ತುಂಬಾ ತುಂಬಿಸುತ್ತಿರಲಿಲ್ಲ, ಬಾಯಿ ಬಿಗಿಯಾಗಿ ಮುಚ್ಚುತ್ತಲೂ ಇರಲಿಲ್ಲ. ಅವರಿಗೆ ಯಾವ ಕಾರ್ಖಾನೆಯೂ ಹೇಳಿಕೊಟ್ಟಿರಲಿಲ್ಲ.

ಹೊರಡುವಾಗ ಹಿರಿಯರು ಮೂರು ಬೆರಳು ಮಡಚಿ ತೋರಿಸಿದರು. “ಜಾಗ ಕೊಡು. ತಣ್ಣಗಿಡು. ಗಾಳಿ ಹೋಗೋಕೆ ದಾರಿ ಬಿಡು. ಉಕ್ಕೋದನ್ನ ನಿಲ್ಲಿಸೋಕೆ ಹೋಗಬೇಡ. ಉಕ್ಕದೇ ಇದ್ರೆ ನಿನ್ ಹಿಟ್ಟು ಯಾರಿಗ್ ಬೇಕು?”

ಆ ಕೊನೆಯ ಮಾತು ನಮಗೆ ನಾಟಿತು. ಬಿಯರ್‌ನವರು ಒಂದು ಹಂತದಲ್ಲಿ ನೊರೆಯನ್ನು ಕಳೆದುಕೊಂಡರೂ ನಡೆಯುತ್ತದೆ. ಇಡ್ಲಿ ಹಿಟ್ಟಿನವರಿಗೆ ಆ ನೊರೆಯೇ ಬಂಡವಾಳ. ಅದು ಹೋದರೆ ಇಡ್ಲಿ ಕಲ್ಲು. ಹಾಗಾಗಿ ಔಷಧ ಹಾಕಿ ಒಡೆಯುವುದು ನಮಗೆ ಹೇಳಿದ್ದಲ್ಲ.

ಆಮೇಲೆ ಹಿಟ್ಟಿನೊಳಗೆ ಏನು ನಡೆಯುತ್ತದೆ ಅಂತ ಓದಿದೆವು. ಇಡ್ಲಿ ಹಿಟ್ಟು ಉಬ್ಬುವುದು ಮುಖ್ಯವಾಗಿ ಯೀಸ್ಟಿನಿಂದ ಅಲ್ಲ. ಉದ್ದಿನ ಬೇಳೆ, ಅಕ್ಕಿಯ ಮೇಲೇ ಇರುವ ಲ್ಯೂಕೊನೊಸ್ಟಾಕ್ ಅನ್ನುವ ಬ್ಯಾಕ್ಟೀರಿಯಾದಿಂದ. 1965ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಇಡ್ಲಿ ಸಂಶೋಧನೆ ಇದನ್ನು ತೋರಿಸಿತು. ಮೊದಲು ಅದು ಅನಿಲ ಬಿಟ್ಟು ಹಿಟ್ಟನ್ನು ಎಬ್ಬಿಸುತ್ತದೆ, ಬೇರೆ ಬ್ಯಾಕ್ಟೀರಿಯಾಗಳೂ ಸೇರಿ ಹುಳಿ ಏರಿಸುತ್ತವೆ.

ಅನಿಲ ಬಂದರೆ ಸಾಲದು, ಅದನ್ನು ಹಿಡಿದುಕೊಳ್ಳುವವರು ಬೇಕು. ಬರೀ ಅಕ್ಕಿ ಹಿಟ್ಟು ಕಲಸಿಟ್ಟರೆ ಹುಳಿ ಬರುತ್ತದೆ, ಹೀಗೆ ಉಬ್ಬುವುದಿಲ್ಲ. ಉದ್ದಿಗೆ ಮಾತ್ರ ಯಾಕೆ ಈ ಗುಣ? ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ ಎನ್.ಎಸ್. ಸುಶೀಲಮ್ಮ ಮತ್ತು ಎಂ.ವಿ.ಎಲ್. ರಾವ್ 1970ರ ದಶಕದಲ್ಲಿ ಇದನ್ನೇ ಹುಡುಕಿದರು. ಉದ್ದಿನ ಒಂದು ಪ್ರೋಟೀನ್ ಗುಳ್ಳೆ ಏಳಲು ನೆರವಾಗುತ್ತದೆ, ಅದರ ಲೋಳೆ ಅಂಶ ಆ ಗುಳ್ಳೆ ಒಡೆಯದ ಹಾಗೆ ಕಾಯುತ್ತದೆ. ರುಬ್ಬಿದ ಉದ್ದಿಗೆ ಬೆರಳಿಟ್ಟರೆ ಎಳೆ ಎಳೆಯಾಗಿ ಬರುತ್ತದಲ್ಲ, ಆ ಲೋಳೆ.

ನಮ್ಮ ಕನ್ನಡದವರಿಗೆ ಈ ಉದ್ದಿನ ನಂಟು ಹಳೆಯದು. ಸುಮಾರು 10ನೇ ಶತಮಾನದ ‘ವಡ್ಡಾರಾಧನೆ’ಯಲ್ಲೇ ‘ಇಡ್ಡಲಿಗೆ’ ಅನ್ನುವ ಹೆಸರಿದೆ. 1025ರ ಸುಮಾರಿನ ‘ಲೋಕೋಪಕಾರ’ದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ರುಬ್ಬುವ ವಿಧಾನ ಬರುತ್ತದೆ. ಆಗಿನ ಇಡ್ಡಲಿಗೆಯಲ್ಲಿ ಅಕ್ಕಿ ಇರಲಿಲ್ಲ ಅನ್ನುತ್ತಾರೆ ಆಹಾರ ಇತಿಹಾಸಕಾರ ಕೆ.ಟಿ. ಆಚಯ. ಅಕ್ಕಿ ಯಾವಾಗ ಸೇರಿತೋ, ಉದ್ದು ಮಾತ್ರ ಸಾವಿರ ವರ್ಷದಿಂದ ನಮ್ಮ ಜೊತೆಗಿದೆ.

ಇನ್ನು ನಾವು ಏನು ಬದಲಾಯಿಸಿದೆವು ಅನ್ನುವುದನ್ನು ಒಂದೊಂದಾಗಿ ಹೇಳುತ್ತೇವೆ. ಮನೆಗೆ ರುಬ್ಬುವವರಿಗೂ ಇದು ಉಪಯೋಗ.

ಮೊದಲನೆಯದು ಜಾಗ. ಚೆನ್ನಾಗಿ ಹುದುಗಿದ ಹಿಟ್ಟು ಎರಡರಷ್ಟಾಗುತ್ತದೆ, ಕೆಲವು ಸಲ ಇನ್ನೂ ಜಾಸ್ತಿ. 15 ಲೀಟರ್ ಹಿಟ್ಟು 30 ಲೀಟರ್ ಆಗುತ್ತದೆ ಅಂದಮೇಲೆ 20 ಲೀಟರ್ ಪಾತ್ರೆಯಲ್ಲಿ ಹೇಗೆ ನಿಲ್ಲುತ್ತದೆ? ಕಲ್ಲಿಟ್ಟರೂ ಲೆಕ್ಕ ಬದಲಾಗುವುದಿಲ್ಲ. ಈಗ 20 ಲೀಟರ್ ಪಾತ್ರೆಗೆ 8 ಲೀಟರ್ ಮಾತ್ರ. ಇನ್ನೆರಡು ಪಾತ್ರೆ ಸೆಕೆಂಡ್ ಹ್ಯಾಂಡ್‌ನಲ್ಲಿ ತಂದೆವು. ಮನೆಗೆ ರುಬ್ಬುವವರು ಪಾತ್ರೆಯ ಅರ್ಧಕ್ಕಿಂತ ಕಡಿಮೆ ಹಾಕಿ. ಬೇಸಿಗೆಯಲ್ಲಿ ಪಾತ್ರೆಯ ಕೆಳಗೆ ಒಂದು ಅಗಲ ತಟ್ಟೆ ಇಡಿ.

ಎರಡನೆಯದು ಬಿಸಿ. ಹಿಟ್ಟಿಗೆ 25ರಿಂದ 30 ಡಿಗ್ರಿ ಹಿತ. ಅದಕ್ಕಿಂತ ಮೇಲೆ ಹೋದರೆ ರಾತ್ರಿಯ ಕೆಲಸ ನಾಲ್ಕೈದು ಗಂಟೆಯಲ್ಲಿ ಮುಗಿದು, ಬೆಳಿಗ್ಗೆಗೆ ಹುಳಿ ಮಿತಿಮೀರುತ್ತದೆ. ಗ್ರೈಂಡರ್ ಕಲ್ಲು ತಿರುಗುವಾಗಲೇ ಹಿಟ್ಟು ಬಿಸಿಯಾಗುತ್ತದೆ ಅನ್ನುವುದು ನಮ್ಮ ತಲೆಗೆ ಹೊಳೆದೇ ಇರಲಿಲ್ಲ. ಈಗ ಬೇಸಿಗೆಯಲ್ಲಿ ಐಸ್ ನೀರು ಹಾಕಿ ರುಬ್ಬುತ್ತೇವೆ. ಪಾತ್ರೆಯನ್ನು ಅಗಲವಾದ ನೀರಿನ ಟಬ್‌ನಲ್ಲಿ ಇಟ್ಟು, ಸುತ್ತ ಒದ್ದೆ ಗೋಣಿ ಸುತ್ತುತ್ತೇವೆ. ಗೋಣಿಯ ನೀರು ಆರುತ್ತಾ ಪಾತ್ರೆಯ ಬಿಸಿ ಎಳೆದುಕೊಳ್ಳುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಿರುವುದೂ ಹೀಗೇ. ಉಪ್ಪನ್ನು ಬೇಸಿಗೆಯಲ್ಲಿ ಮೊದಲೇ ಹಾಕುತ್ತೇವೆ, ಅದು ಹುದುಗುವ ಓಟವನ್ನು ಸ್ವಲ್ಪ ತಡೆಯುತ್ತದೆ. ಚಳಿಗಾಲದಲ್ಲಿ ಬೆಳಿಗ್ಗೆ ಹಾಕುತ್ತೇವೆ.

ಮೂರನೆಯದು ದಾರಿ. ಮುಚ್ಚಳವನ್ನು ಬಿಗಿ ಮಾಡುವುದಿಲ್ಲ. ತೆಳು ಬಟ್ಟೆ ಕಟ್ಟಿ ಮೇಲೆ ತಟ್ಟೆ ಸಡಿಲವಾಗಿ ಇಡುತ್ತೇವೆ. ಧೂಳು, ಹುಳ ಹೋಗುವುದಿಲ್ಲ, ಗಾಳಿ ಹೊರಗೆ ಬರುತ್ತದೆ. ಕವರ್ ದೊಡ್ಡದು ತಂದೆವು. ಮೇಲ್ತುದಿಯಲ್ಲಿ ಸೂಜಿಯಿಂದ ಸಣ್ಣ ತೂತು. ಪ್ಯಾಕೆಟ್ ನೆಟ್ಟಗೆ ನಿಲ್ಲಿಸಿ ಸಾಗಿಸುತ್ತೇವೆ. ಗಾಜಿನ ಬಾಟಲಿ, ಬಿಗಿ ಡಬ್ಬಿಯಲ್ಲಿ ಹುದುಗುವ ಯಾವುದನ್ನೂ ಇಡಬೇಡಿ. ದ್ರಾಕ್ಷಿ ರಸವೇ ಇರಲಿ, ಹಿಟ್ಟೇ ಇರಲಿ. ಪ್ಲಾಸ್ಟಿಕ್ ಒಡೆದರೆ ಪ್ಯಾಂಟು ಹಾಳು, ಗಾಜು ಒಡೆದರೆ ಕಣ್ಣು.

ಈ ಮೂರರ ಜೊತೆ ನಾಲ್ಕನೆಯದೊಂದನ್ನು ನಮ್ಮ ಮನೆಯವರು ಕಂಡುಹಿಡಿದರು. ನಮ್ಮ ಕೈ ಹಿಡಿದದ್ದು ಅದೇ.

“ಅಲ್ಲ ರೀ, ರಾತ್ರಿಯೆಲ್ಲಾ ನಮ್ಮನೇಲೇ ಯಾಕೆ ಉಕ್ಕಬೇಕು?” ಅಂದರು. “ಸಂಜೆ ರುಬ್ಬಿದ್ದನ್ನ ಸಂಜೆನೇ ಕೊಟ್ಬಿಡೋಣ. ಅವರ ಮನೆ ಪಾತ್ರೇಲಿ ಉಕ್ಕಲಿ.”

ಗಾರ್ಮೆಂಟ್ಸ್‌ನಿಂದ ಹೆಂಗಸರು ಬರುವುದು ಸಂಜೆ ಆರು, ಆರೂವರೆಗೆ. ನಾಲ್ಕಕ್ಕೆ ರುಬ್ಬಿ, ಐದೂವರೆಗೆ ಪ್ಯಾಕೆಟ್ ಕಟ್ಟಿ, ಅವರು ಬಸ್ ಇಳಿಯುವ ಹೊತ್ತಿಗೆ ಅಂಗಡಿಯಲ್ಲಿ ಇಟ್ಟರೆ ಹಿಟ್ಟು ಇನ್ನೂ ಏಳುವುದಕ್ಕೆ ಶುರುವಾಗಿರುವುದಿಲ್ಲ. ತಣ್ಣಗೆ, ಮಟ್ಟಸವಾಗಿ ಇರುತ್ತದೆ. 1 ಕೆಜಿ ಅಂದರೆ 1 ಕೆಜಿ ಕಣ್ಣಿಗೇ ಕಾಣುತ್ತದೆ. ಪ್ಯಾಕೆಟ್ ಮೇಲೆ ಒಂದು ಸಾಲು ಬರೆಸಿದೆವು: ‘ಮನೆಗೆ ಹೋದ ತಕ್ಷಣ ದೊಡ್ಡ ಪಾತ್ರೆಗೆ ಸುರಿಯಿರಿ, ಅರ್ಧ ಖಾಲಿ ಇರಲಿ.’ ಓದಲು ಬಾರದವರಿಗೆ ಅಂಗಡಿಯವರೇ ಹೇಳುತ್ತಾರೆ.

ಬೆಳಿಗ್ಗೆ ಹಿಟ್ಟು ಕೇಳುವ ಎರಡು ಸಣ್ಣ ಕ್ಯಾಂಟೀನುಗಳಿವೆ. ಅವರಿಗೆ ಕ್ಯಾನ್‌ನಲ್ಲಿ ಕೊಡುತ್ತೇವೆ. ಮೊದಲು ಲೀಟರ್ ಲೆಕ್ಕದಲ್ಲಿ ಕೊಡುತ್ತಿದ್ದೆವು. ಇಲ್ಲೊಂದು ಸೂಕ್ಷ್ಮ ಇದೆ, ಹಿಟ್ಟು ಕೊಳ್ಳುವವರೆಲ್ಲ ಗಮನಿಸಿ. ಉಕ್ಕಿದ ಹಿಟ್ಟಿನ ಅಳತೆ ಎರಡರಷ್ಟಾಗುತ್ತದೆ, ತೂಕ ಆಗುವುದಿಲ್ಲ. ಲೀಟರ್ ಲೆಕ್ಕದಲ್ಲಿ ಕೊಂಡರೆ ಅರ್ಧ ಗಾಳಿಗೆ ದುಡ್ಡು ಕೊಟ್ಟ ಹಾಗೆ. ಗ್ಲಾಸಿನ ಮುಕ್ಕಾಲು ನೊರೆ ಇರುವ ಬಿಯರ್ ಕೊಟ್ಟರೆ ಕುಡಿಯುವವನು ಜಗಳ ತೆಗೆಯುತ್ತಾನೆ. ಹಿಟ್ಟಿನ ನೊರೆಗೆ ಯಾರೂ ಜಗಳ ತೆಗೆಯುವುದಿಲ್ಲ, ಯಾಕೆಂದರೆ ಅದು ಕಾಣುವುದಿಲ್ಲ. ಈಗ ನಾವು ಕ್ಯಾಂಟೀನಿನವರ ಎದುರೇ ತಕ್ಕಡಿಗೆ ಇಟ್ಟು ಕೆಜಿ ಲೆಕ್ಕದಲ್ಲಿ ಕೊಡುತ್ತೇವೆ.

ಎಫ್‌ಎಸ್‌ಎಸ್‌ಎಐ ನೋಂದಣಿಯನ್ನೂ ಆಗಲೇ ಮಾಡಿಸಿದೆವು. ಸಣ್ಣವರಿಗೆ ವರ್ಷಕ್ಕೆ 100 ರೂಪಾಯಿ ಶುಲ್ಕ ಇತ್ತು. ಮನೆಯಿಂದ ತಿಂಡಿ, ಹಿಟ್ಟು, ಚಟ್ನಿಪುಡಿ ಮಾರುವ ನಮ್ಮ ಹಳ್ಳಿಯ ಹೆಣ್ಣುಮಕ್ಕಳು ಇದನ್ನು ಮಾಡಿಸಿಕೊಳ್ಳುವುದು ಒಳ್ಳೆಯದು. ಯಾರಾದರೂ ಬಂದು ಹೆದರಿಸಿದರೆ ತೋರಿಸಲು ಕಾಗದ ಇರುತ್ತದೆ.

ಇಷ್ಟೆಲ್ಲ ಬದಲಾಯಿಸಿದ್ದಕ್ಕೆ ಖರ್ಚಾಯಿತು. ಪಾತ್ರೆ, ದೊಡ್ಡ ಕವರು, ಐಸು. ಒಂದು ಸಲಕ್ಕೆ ರುಬ್ಬಿಡುವ ಹಿಟ್ಟು ಕಡಿಮೆಯಾಯಿತು. ಪ್ಯಾಕೆಟ್‌ಗೆ ಎರಡು ರೂಪಾಯಿ ಏರಿಸಿದೆವು. ಏರಿಸಿದ ಕಾರಣವನ್ನು ಅಂಗಡಿಯಲ್ಲಿ ಚೀಟಿ ಅಂಟಿಸಿ ಹೇಳಿದೆವು: ತೂಕ ಪೂರ್ತಿ 1 ಕೆಜಿ, ಕವರ್ ಹೊಸದು. ನಾಲ್ಕೈದು ಗಿರಾಕಿಗಳು ಬಿಟ್ಟು ಹೋದರು. ಮೇ ತಿಂಗಳಲ್ಲಿ ಎರಡು ಕಂತು ತಡವಾಯಿತು, ಸಂಘದವರು ಮುಖ ಸಣ್ಣ ಮಾಡಿದರೂ ಕಾದರು. ಜೂನ್‌ನಲ್ಲಿ ಮಳೆ ಹಿಡಿಯಿತು, ಅಡುಗೆ ಕೋಣೆ ತಣ್ಣಗಾಯಿತು, ಹಿಟ್ಟೂ ಸಮಾಧಾನಕ್ಕೆ ಬಂತು. ಜುಲೈಗೆ ಕಂತು ಸರಿಹೋಯಿತು.

ಮೂರು ವಾರ ಬರದೇ ಇದ್ದ ಆ ಹೆಣ್ಣುಮಗಳು ಒಂದು ಸಂಜೆ ಅಂಗಡಿಯಲ್ಲಿ ಸಿಕ್ಕಳು. ನಾವು ಕ್ರೇಟ್ ಇಳಿಸುತ್ತಿದ್ದೆವು. ಒಂದು ಪ್ಯಾಕೆಟ್ ಎತ್ತಿ ಅಂಗಡಿಯ ತಕ್ಕಡಿಯ ಮೇಲೆ ಇಟ್ಟಳು. 1 ಕೆಜಿ 12 ಗ್ರಾಂ ತೋರಿಸಿತು.

“ಹನ್ನೆರಡು ಗ್ರಾಂ ಕವರ್‌ದು” ಅಂದೆವು.

“ಆಯ್ತು ಬಿಡಿ ಅಣ್ಣಾ” ಅಂದು ದುಡ್ಡು ಕೊಟ್ಟು ಹೋದಳು. ಈಗಲೂ ಅವಳು ಕೊಳ್ಳುವ ಮುಂಚೆ ತೂಗುತ್ತಾಳೆ. ತೂಗಲಿ. ನಾವು ಕಳೆದದ್ದು 150 ಗ್ರಾಂ ಹಿಟ್ಟು, ಅವಳ ಪಾಲಿನ ದೋಸೆ. ನಂಬಿಕೆ ಅದರ ಜೊತೆಗೆ ಹೋಗಿತ್ತು. ಅದು ಹಿಟ್ಟಿನ ಹಾಗೆ ಒಂದು ರಾತ್ರಿಯಲ್ಲಿ ಏಳುವಂಥದ್ದಲ್ಲ.

ಡಿಸೆಂಬರ್ ಬಂದಾಗ ಕಥೆ ತಿರುಗಿತು. ರಾತ್ರಿ 15, 16 ಡಿಗ್ರಿಗೆ ಇಳಿದಾಗ ಕೊಂಡವರ ಮನೆಯಲ್ಲಿ ಹಿಟ್ಟು ಏಳಲೇ ಇಲ್ಲ. “ಕಲ್ಲಿನ ಹಾಗಾಯ್ತು ಇಡ್ಲಿ” ಅಂತ ದೂರು. ಏಪ್ರಿಲ್‌ನಲ್ಲಿ ಉಕ್ಕಬೇಡ ಅಂತ ಬೇಡಿಕೊಂಡವರು ಡಿಸೆಂಬರ್‌ನಲ್ಲಿ ಉಕ್ಕು ಅಂತ ಬೇಡಿಕೊಂಡೆವು. ಸೋಡಾ ಹಾಕಿ ಅಂದರು ಕೆಲವರು. ಹಾಕಲಿಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ ರುಬ್ಬಿದೆವು, ಪಾತ್ರೆಗೆ ಕಂಬಳಿ ಸುತ್ತಿ ಒಲೆಯ ಪಕ್ಕ ಇಡಿ ಅಂತ ಗಿರಾಕಿಗಳಿಗೆ ಹೇಳಿದೆವು. ಗೋಣಿ ಹೋಗಿ ಕಂಬಳಿ ಬಂತು, ಅಷ್ಟೇ ವ್ಯತ್ಯಾಸ.

ಮಹಡಿಯ ಹಿರಿಯರು ವಾರಕ್ಕೊಮ್ಮೆ ಕೆಳಗೆ ಬರುತ್ತಾರೆ. ಪಾತ್ರೆಯ ಬಟ್ಟೆ ಸರಿಸಿ ಒಳಗೆ ಇಣುಕುತ್ತಾರೆ, ಮೂಗಿನಿಂದ ಒಂದು ಸಲ ಎಳೆದುಕೊಳ್ಳುತ್ತಾರೆ. “ಇನ್ನೊಂದ್ ಗಂಟೆ” ಅನ್ನುತ್ತಾರೆ, ಇಲ್ಲವೇ “ಸಾಕು, ತೆಗಿ” ಅನ್ನುತ್ತಾರೆ. ಅವರಿಗೆ ಸಕ್ಕರೆ ಕಾಯಿಲೆ, ದೋಸೆ ತಿನ್ನುವುದು ಅಪರೂಪ. ಆದರೂ ಒಂದು ಪ್ಯಾಕೆಟ್ ಒಯ್ಯುತ್ತಾರೆ. ದುಡ್ಡು ಬೇಡ ಅಂದರೆ ಒಪ್ಪುವುದಿಲ್ಲ.

ಆ ಒಡೆದ ಟೈಲ್ಸ್ ಇನ್ನೂ ಹಾಗೇ ಇದೆ. ಅದರ ಮೇಲೇ ಪಾತ್ರೆ ಇಡುತ್ತೇವೆ. ಅರ್ಧ ಖಾಲಿ ಬಿಟ್ಟು.